ಅತ್ತವರಿಗೆ ಇನ್ನೊಂದು ಬ್ಯಾಟಿಂಗ್

ಬರ್ಮಿಂಗ್‌ಹ್ಯಾಮಿನಲ್ಲಿ ಬೇಸ್‌ಬಾಲ್ ಆಡಿಸುವ ಏಕೈಕ ಮೈಸೂರಿನವರು ನನ್ನ ಚಿಕ್ಕಪ್ಪ ಎಂದರೆ ನೀವು ನಂಬಲಿಕ್ಕಿಲ್ಲ. ಊರೆಲ್ಲ ಕ್ರಿಕೆಟ್ಟು, ಫುಟ್‌ಬಾಲು ಎಂದು ಕುಣಿಯುತ್ತಿರುವಾಗ ಈ ಮಹಾಶಯರು ಹಾರ್ಬೋರ್ನ್‌ನ ಪಾರ್ಕೊಂದರಲ್ಲಿ ಮೂವತ್ತು ವರ್ಷಗಳಿಂದ ಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತಿದ್ದಾರೆ. ಯಾಕೆ ಎಂದರೆ, "ಕ್ರಿಕೆಟ್ ಆಡ್ಸೋಕೆ ಬೇಕಾದಷ್ಟು ಜನ ಇದಾರಲ್ಲ" ಎನ್ನುತ್ತಾರೆ. ಇದಕ್ಕೇನು ಹೇಳುತ್ತೀರಿ?

ಚಿಕ್ಕಮ್ಮನೂ ಕಡಿಮೆಯಲ್ಲ. ಇಬ್ಬರೂ ಡಾಕ್ಟರು, ಆಸ್ಪತ್ರೆಯ ಡ್ಯೂಟಿ ಪಟ್ಟಿ ನೋಡಿಕೊಂಡೇ ಪಂದ್ಯದ ದಿನ ಗೊತ್ತುಮಾಡುತ್ತಿದ್ದರು. ಸ್ಕೋರ್ ಪುಸ್ತಕದಲ್ಲಿ ಪ್ರತಿ ಮಗುವಿಗೂ ಒಂದು ಕೇಸ್ ಶೀಟ್. "ತೊಂದರೆ: ಚೆಂಡು ಕಂಡರೆ ಕಣ್ಣು ಮುಚ್ಚುತ್ತಾನೆ. ಔಷಧ: ದಿನಕ್ಕೆ ಮೂರು ಬಾರಿ, ಊಟವಾದ ಮೇಲೆ, ಹತ್ತು ಕ್ಯಾಚು."

ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಇಬ್ಬರೂ ಸೇರಿ ತಂಡದ ಇತಿಹಾಸ ಬರೆಯಲು ಕೂತರು. ಅದೂ ಕನ್ನಡದಲ್ಲಿ! ಆಡಿದ ಮಕ್ಕಳಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು.

"ಯಾರು ಓದ್ತಾರೆ ಚಿಕ್ಕಪ್ಪ?" ಎಂದೆ.

"ಟೈಪ್ ಮಾಡೋವಾಗ ನೀನು ಓದ್ತೀಯಲ್ಲ" ಎಂದರು.

ಹೀಗೆ ಶನಿವಾರ ಬಂತೆಂದರೆ ನಾನಿರುವ ಲೀಡ್ಸ್‌ನಿಂದ ಅವರ ಮನೆಗೆ ರೈಲು ಹತ್ತುವ ಕೆಲಸ ನನ್ನ ತಲೆಗೆ ಬಿತ್ತು. ಚಿಕ್ಕಪ್ಪ ಬರೆಯುವುದು, ಚಿಕ್ಕಮ್ಮ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುವುದು, ಉಳಿದದ್ದನ್ನು ನಾನು ಟೈಪ್ ಮಾಡುವುದು.

"ರೀ, ಇದು ಇತಿಹಾಸ. ನಿಮ್ಮ ಮನಸ್ಸಿನ ಮಾತೆಲ್ಲ ಬೇಡ."

"ಮಳೆ ಬಂದಿದ್ದೂ ನನ್ನ ಮನಸ್ಸಿನ ಮಾತೇನೆ?"

"ಈ ಊರಲ್ಲಿ ಮಳೆ ಬರದೇ ಇದ್ದ ದಿನ ಇದ್ರೆ ಬರೀರಿ."

ಅವರ ತಂಡದಲ್ಲಿ ಒಂದು ವಿಚಿತ್ರ ಕಾನೂನಿದೆ. ಔಟಾಗಿ ಅತ್ತವರಿಗೆ ಇನ್ನೊಂದು ಬ್ಯಾಟಿಂಗ್. ಎದುರು ತಂಡದ ಕೋಚ್‌ಗಳು ಜಗಳಕ್ಕೆ ಬಂದದ್ದುಂಟು. ನಮ್ಮ ಮಕ್ಕಳಂತೂ ಚೆಂಡು ಹೊಡೆಯುವ ಮೊದಲು ಅಳುವುದನ್ನೇ ಕಲಿತವು. ಇದೆಂಥ ಕಾನೂನು ಎಂದು ಕೇಳಿದಾಗಲೆಲ್ಲ ಚಿಕ್ಕಪ್ಪ ಮಾತು ಮರೆಸಿ ಕಾಫಿ ಕೇಳುತ್ತಿದ್ದರು.

ಕಾರಣ ಗೊತ್ತಾದದ್ದು ಕಳೆದ ಶನಿವಾರ. ಮೊದಲ ಪಂದ್ಯದ ಅಧ್ಯಾಯವನ್ನು ಅವರು ಬರೆಯದೆ ಉಳಿಸಿಕೊಂಡಿದ್ದರು. ಅದೊಂದರಿಂದಲೇ ಪುಸ್ತಕ ಎರಡು ವರ್ಷ ನಿಂತಿತ್ತು. ಕಳೆದ ವಾರ ಕೊನೆಗೂ ಬರೆದು ಮುಗಿಸಿದ್ದರು. ಆ ಮೊದಲ ಪಂದ್ಯದ ದಿನ ವುಲ್ವರ್‌ಹ್ಯಾಂಪ್ಟನ್‌ನಿಂದ ಬಂದಿದ್ದ ಏಳು ವರ್ಷದ ಹುಡುಗಿಯೊಬ್ಬಳು ಚೆಂಡು ಹೊಡೆದು, ಖುಷಿಯಲ್ಲಿ ಮೊದಲ ಬೇಸಿನ ಕಡೆ ಓಡುವ ಬದಲು ಉಲ್ಟಾ ದಿಕ್ಕಿಗೆ ಓಡಿದಳಂತೆ. ಎಲ್ಲರೂ ನಕ್ಕರು. ಅಂಪೈರ್ ಆಗಿದ್ದ ಚಿಕ್ಕಪ್ಪ ಔಟ್ ಕೊಟ್ಟರು. ಅವಳು ಅಳುತ್ತ ಹೋದವಳು ಮತ್ತೆ ಬರಲೇ ಇಲ್ಲ. ಹೆಸರು ಬರೆದುಕೊಂಡಿರಲಿಲ್ಲ, ಆಮೇಲೆ ಎಷ್ಟು ವಿಚಾರಿಸಿದರೂ ಸಿಗಲಿಲ್ಲ. ಮುಂದಿನ ಪಂದ್ಯದಿಂದಲೇ ಆ ಕಾನೂನು ಜಾರಿಗೆ ಬಂತು.

ಚಿಕ್ಕಪ್ಪನ ಕೊನೆಯ ಸಾಲು ಹೀಗಿತ್ತು: "ಔಟ್ ಕೊಟ್ಟದ್ದು ಸರಿ. ಆದರೆ ಆ ಮಗುವಿಗೆ ನಾನು ಇನ್ನೊಂದು ಬ್ಯಾಟಿಂಗ್ ಕೊಡಬೇಕಾಗಿತ್ತು."

ಹಾಳೆ ಚಿಕ್ಕಮ್ಮನ ಕೈಗೆ ಹೋಯಿತು. ಚಿಕ್ಕಪ್ಪ ರಿಸಲ್ಟಿಗೆ ಕಾದವರಂತೆ ಕೂತಿದ್ದರು. ಅವರ ಒಂದು ಪುಟವನ್ನೂ ಹಾಗೇ ಬಿಟ್ಟವರಲ್ಲ ಚಿಕ್ಕಮ್ಮ. ಎರಡು ಸಲ ಓದಿದರು. ಆಮೇಲೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, "ಹೀಗೇ ಟೈಪ್ ಮಾಡು ಪುಟ್ಟಿ" ಎಂದರು.

ಚಿಕ್ಕಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೂ ಅಕ್ಷರಗಳು ಸರಿಯಾಗಿ ಕಾಣಲಿಲ್ಲ.

"ಅತ್ರಲ್ಲ, ಇನ್ನೊಂದು ಬ್ಯಾಟಿಂಗ್ ನಿಮ್ಮದೇ" ಎನ್ನುತ್ತ ಚಿಕ್ಕಮ್ಮ ಅವರ ಕೈ ಹಿಡಿದುಕೊಂಡರು.