ಗಂಡಸಾದರೆ ಇಳಿ

ತಪ್ಪು ನಮ್ಮದೇ. ಯಾರು ಗಂಡಸು, ಯಾರು ಅಲ್ಲ ಎಂದು ತೀರ್ಪು ಹೇಳುವ ಅಧಿಕಾರವನ್ನು ಕಟ್ಟೆಯ ಮೇಲೆ ಕಾಲು ಅಲ್ಲಾಡಿಸುತ್ತ ಕುಳಿತವರ ಕೈಗೆ ಕೊಟ್ಟೆವು. ಕೊಟ್ಟ ಮೇಲೆ ಅವರಿಗೇ ಹೆದರಿ ಬದುಕಿದೆವು. ನಮ್ಮ ಸೀಮೆಯಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ಒಂದನ್ನು ಹೇಳಿ ಮುಗಿಸುವುದರೊಳಗೆ ಇನ್ನೊಂದು ನಡೆದಿರುತ್ತದೆ. ಈಗ ಹೇಳುವಾಗ ನಗು ಬರುತ್ತದೆ. ನಡೆಯುವಾಗ ನನಗೆ ಬೆವರು ಬಂದಿತ್ತು. ಯಾಕೆಂದರೆ ಅವರ ಕೈಗೆ ಸಿಕ್ಕವನು ನನ್ನ ತಮ್ಮ.

ನಾವಿಬ್ಬರೂ ರೋಣದ ಪೇಟೆಯಲ್ಲಿ ಹಮಾಲರು. ನಾನು ಸಾಲೆ ಕಂಡವನಲ್ಲ. ಅಂಗಡಿಯ ಬೋರ್ಡು, ಪೊಟ್ಟಣ ಕಟ್ಟಿದ ಹಳೆಯ ಹಾಳೆ, ಇವನ್ನೇ ಓದಿ ಅಕ್ಷರ ಕಲಿತೆ. ಕಲಿತ ಮೇಲೆ ಹಮಾಲರ ಸಭೆಯಲ್ಲಿ ಎದ್ದು ಜಗಳ ತೆಗೆಯುವುದನ್ನೂ ಕಲಿತೆ. ತಮ್ಮ ನನ್ನ ಹಾಗಲ್ಲ. ತುಂಬಿದ ಜೋಳದ ಚೀಲವನ್ನು ಒಬ್ಬನೇ ಬೆನ್ನಿಗೇರಿಸುವ ಆಳು. ಆದರೆ ಯಾರಾದರೂ ‘ಅಂಜುಬುರುಕ’ ಅಂದರೆ ಸಾಕು, ಮುಖ ಸಣ್ಣದಾಗುತ್ತಿತ್ತು. ಇದನ್ನು ಪೇಟೆಯ ಒಬ್ಬ ದಲಾಲ ಕಂಡುಕೊಂಡಿದ್ದ. ಅವನ ಹಿಂದೆ ನಾಲ್ಕೈದು ಜನರ ಗುಂಪು. ಅವನು ನಕ್ಕರೆ ಅವರು ನಗುವವರು.

ಖಾಕಿ ಬಟ್ಟೆ

ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ದಾರೂಬಂದಿ ಇತ್ತು, ಕುಡಿದವನನ್ನು ಪೊಲೀಸರು ಒಯ್ಯುತ್ತಿದ್ದರು. ಕುಡಿಯಲು ಕಳ್ಳಸೆರೆಯೂ ಸಿಗದ ದಿನ ಈ ಗುಂಪು, ಬಡಿಗೇರರು ಕಪಾಟಿಗೆ ಹಚ್ಚುವ ಪಾಲಿಶನ್ನೇ ಕುಡಿಯುತ್ತಿತ್ತು. ಅದನ್ನು ಕುಡಿದು ಕಣ್ಣು ಕಳೆದುಕೊಂಡವನೊಬ್ಬ ನಮ್ಮ ಓಣಿಯಲ್ಲೇ ಗೋಡೆ ಸವರುತ್ತ ನಡೆಯುತ್ತಿದ್ದ.

ಒಂದು ಮಧ್ಯಾಹ್ನ ತಮ್ಮನನ್ನು ಊರ ಹೊರಗಿನ ಬಾವಿಯ ಕಡೆ ಕರೆದೊಯ್ದರೆಂದು ಸುದ್ದಿ ಬಂತು. ಓಡಿದೆ. ಹೋಗುವಷ್ಟರಲ್ಲಿ ಪಾಲಿಶಿನ ಗ್ಲಾಸು ಅವನ ಕೈಗೆ ಬಂದಿತ್ತು.

“ಕುಡಿಯೋ! ಎದಿ ಐತೋ ಇಲ್ಲೋ?” ಅಂದ ದಲಾಲ. “ನನ್ನ ನೋಡು, ಫೌಜದಾರನ ಅಪ್ಪಗೂ ಅಂಜಾವಲ್ಲ.”

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಖಾಕಿ ಬಟ್ಟೆ ಬರುವುದು ಕಾಣಿಸಿತು. ಗುಂಪು ದಿಕ್ಕಾಪಾಲಾಯಿತು. ದಲಾಲ ಕಳ್ಳಿಬೇಲಿಯೊಳಗೆ ನುಗ್ಗಿದ. ತಲೆ ಒಳಗೆ ಹೋಯಿತು. ಉಳಿದದ್ದು ಹೊರಗೇ ಉಳಿಯಿತು. ತಮ್ಮ ಗ್ಲಾಸು ಚೆಲ್ಲಿ ಕಲ್ಲಿನಂತೆ ನಿಂತ.

ಬಂದವನು ಬಸ್ಸಿನ ಡ್ರೈವರ. ಇಂಜಿನ್ನು ಕಾದು ಬಸ್ಸು ನಿಂತಿತ್ತು. ಕೈಯಲ್ಲಿ ಖಾಲಿ ಡಬ್ಬಿ.

“ಇಲ್ಲೆ ನೀರ ಸಿಗತಾವೇನ್ರಿ?”

ಬೇಲಿಯೊಳಗಿಂದ ದನಿ ಬಂತು: “ನಾವೂ ಬರೇ ನೀರ ಕುಡ್ಯಾಕ ಬಂದೀವ್ರಿ, ಸಾಹೇಬ್ರ! ದೇವರಾಣಿ ನೀರ್ರಿ!”

ನರಗುಂದದ ಗುಡ್ಡ

“ಅವರ ಸಂಗ ಬಿಡು” ಎಂದು ತಮ್ಮನಿಗೆ ಹೇಳಿದೆ.

“ಬಿಟ್ರ ಯಾರ ಜೋಡಿ ಕೂಡ್ಲಿ ಅಣ್ಣಾ?”

“ನನ್ನ ಜೋಡಿ ಕೂಡು.”

“ನೀ ಭಾಷಣಾ ಮಾಡ್ತಿ.”

ನನಗೆ ಸಿಟ್ಟು ಬಂತು.

ಸುಗ್ಗಿಯಲ್ಲಿ ಹತ್ತಿಯ ಗಾಡಿಗಳ ಜೊತೆ ನರಗುಂದಕ್ಕೆ ಹೋದೆವು. ಹತ್ತಿ ಇಳಿಸಿದ ಮೇಲೆ ದಲಾಲನ ಗುಂಪು ಗುಡ್ಡ ಹತ್ತಿತು. ತಮ್ಮ ಅವರ ಹಿಂದೆ, ನಾನು ತಮ್ಮನ ಹಿಂದೆ. ಮೇಲೆ ಒಂದು ಬಂಡೆ ಹೊರಗೆ ಚಾಚಿಕೊಂಡಿತ್ತು. ಗಂಡಸಾದವನು ಅದರ ತುದಿಗೆ ನಿಂತು ರುಮಾಲು ಬೀಸಬೇಕಂತೆ, ದಲಾಲನ ಪಂಥ. ತಮ್ಮ ಹೋದ. ಅವನ ಕಾಲ ಕೆಳಗಿನ ಒಂದು ಕಲ್ಲು ಜಾರಿತು. ಅದು ನೆಲಕ್ಕೆ ಬಿದ್ದ ಸಪ್ಪಳಕ್ಕಾಗಿ ಕಾದೆ. ಸಪ್ಪಳ ಕೇಳಲೇ ಇಲ್ಲ. ರುಮಾಲು ಬೀಸಿ ತಮ್ಮ ತಿರುಗಿ ಬಂದ. ತುಟಿಯಲ್ಲಿ ರಕ್ತವಿರಲಿಲ್ಲ.

“ಈಗ ನೀವು ಹೋಗ್ರಿ, ಸಾವಕಾರ್ರ” ಅಂದೆ ನಾನು.

ಗುಂಪು ನೋಡುತ್ತಿತ್ತು, ದಲಾಲ ಹೋಗಲೇಬೇಕಾಯಿತು. ಎರಡು ಹೆಜ್ಜೆ ಇಟ್ಟ, ಕೆಳಗೆ ನೋಡಿದ, ಬಂಡೆಯನ್ನು ತಬ್ಬಿಕೊಂಡು ಕುಳಿತ.

“ಭೂಮಿ ತಿರಗಾಕತ್ತೈತಿ! ಯಾರರ ಹಿಡೀರೆಪ್ಪಾ!”

“ಯಾವುದನ್ನ ಹಿಡೀಬೇಕ್ರಿ, ಭೂಮೀನೋ, ನಿಮ್ಮನ್ನೋ?” ಎಂದು ಅವನ ಗುಂಪಿನವನೇ ಕೇಳಿದ.

ಕಡೆಗೆ ತಮ್ಮನೇ ಅವನನ್ನು ಬೆನ್ನಿಗೇರಿಸಿ ಗುಡ್ಡ ಇಳಿಸಿದ. ಬುಡದಲ್ಲಿ ಇಳಿದ ದಲಾಲ ಧೋತರ ಸರಿಮಾಡಿಕೊಂಡು, “ಇವ ಎಷ್ಟು ಹೊರತಾನ ಅಂತ ಪರೀಕ್ಷಾ ಮಾಡಿದೆ” ಅಂದ.

“ಭಾಳ ಭಾರ ಇತ್ತೇನೋ?” ಎಂದು ದಾರಿಯಲ್ಲಿ ತಮ್ಮನನ್ನು ಕೇಳಿದೆ.

“ಭಾರ ಇರ್ಲಿ ಅಣ್ಣಾ. ಚೀಲ ಆದ್ರ ಕಿವ್ಯಾಗ ಒದರೂದಿಲ್ಲ.”

ನಕ್ಕ. ಆದರೆ ಮರುದಿನ ಮತ್ತೆ ಅವರ ಹತ್ತಿರವೇ ಹೋಗಿ ಕುಳಿತ.

ಗಜೇಂದ್ರಗಡದ ಹಗೇವು

ಗಜೇಂದ್ರಗಡದ ಒಂದು ಮನೆಯಲ್ಲಿ ಹಗೇವು ತೆಗೆಯುವುದಿತ್ತು. ನೆಲದೊಳಗೆ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೆದಿರುತ್ತಾರೆ. ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಕೂಗಲಿಕ್ಕೂ ಆಗದೆ ಸಾಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವ ರೂಢಿ. ಕಂದೀಲು ಉರಿದರೆ ಆಳು ಇಳಿಯಬೇಕು, ಆರಿದರೆ ಕಾಯಬೇಕು.

ಇಳಿಯುವ ಆಳು ನನ್ನ ತಮ್ಮ. ಕಾಳು ಕೊಳ್ಳಲು ಬಂದವನು ದಲಾಲ, ಗುಂಪಿನ ಸಮೇತ. ಬಾಯಿ ತೆಗೆದರು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಮನೆಯ ಮುದುಕಿ ಕಂದೀಲು ಹಿಡಿದು ಬಂದಳು.

“ಕಂದೀಲು ಯಾಕಬೇ?” ಅಂದ ದಲಾಲ. “ನಮ್ಮಾಂವ ಹಂಗ ಇಳೀತಾನ. ಇಳಿಯೋ, ಗಂಡಸಾದ್ರ ಇಳಿ!”

ಗುಂಪು ಚಪ್ಪಾಳೆ ಹೊಡೆಯಿತು. ಓಣಿಯಲ್ಲಿ ಬಳೆಗಾರ ಮುದುಕನೊಬ್ಬ ಹೋಗುತ್ತಿದ್ದ. ದಲಾಲ ಅವನನ್ನೂ ಕೂಗಿ ಕರೆದ. “ಬಾರೋ ಬಳೆಗಾರ! ಇವ ಇಳೀದಿದ್ರ ಇವನ ಕೈಗೆ ಬಳಿ ತೊಡಸು.”

ತಮ್ಮ ಹಗೇವಿನ ಅಂಚಿಗೆ ಬಂದ. ಒಂದು ಕಾಲು ಒಳಗೆ ಇಟ್ಟ. ಸಭೆಯಲ್ಲಿ ಊರು ಹಾರುವಂತೆ ಒದರುವ ನಾನು ಈ ಸಲ ಭಾಷಣ ಮಾಡಲಿಲ್ಲ. ಅವನ ಅಂಗಿ ಹಿಡಿದುಕೊಂಡೆ, ಅಷ್ಟೇ.

ತಮ್ಮ ನನ್ನ ಕೈ ನೋಡಿದ, ಒಳಗಿನ ಕತ್ತಲೆ ನೋಡಿದ, ಕಾಲು ಹೊರಗೆ ತೆಗೆದ.

“ಮೊದ್ಲ ಕಂದೀಲು ಇಳಸಬೇ” ಎಂದು ಮುದುಕಿಗೆ ಹೇಳಿದ.

ಕಂದೀಲು ಇಳಿಯಿತು. ಅರ್ಧಕ್ಕೆ ಹೋಗುವುದರೊಳಗೆ ದೀಪ ಸಣ್ಣದಾಯಿತು, ನೀಲಿಯಾಯಿತು, ಆರಿತು. ಮುದುಕಿ ಹಗ್ಗ ಎಳೆದಳು. ತಮ್ಮ ಆ ಸತ್ತ ಕಂದೀಲನ್ನು ಎತ್ತಿ ದಲಾಲನ ಮುಂದೆ ಇಟ್ಟ.

“ಇದು ಗಂಡಸು ನೋಡ್ರಿ, ಸಾವಕಾರ್ರ. ಹೇಳಿದ ಕೂಡ್ಲೆ ಇಳೀತು.” ಆಮೇಲೆ ಬಳೆಗಾರನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈ ಚಾಚಿದ. “ನನಗ ತೊಡಸೋ ಯಜ್ಜಾ. ನಾ ಜೀವಂತ ಮನಿಗೆ ಹೋಗಬೇಕು.”

ಬಳೆಗಾರ ಹಾಸ್ಯ ತಿಳಿದವನಲ್ಲ, ತನ್ನ ಕಸುಬು ತಿಳಿದವನು. ತಮ್ಮನ ಕೈ ಒತ್ತಿದ, ಹಿಚುಕಿದ, ದೊಡ್ಡ ಅಳತೆಯ ಬಳೆ ಹಿಡಿದು ನೋಡಿದ, ತಲೆ ಅಲ್ಲಾಡಿಸಿದ. ಆಮೇಲೆ ಪಕ್ಕದಲ್ಲೇ ನಿಂತಿದ್ದ ದಲಾಲನ ಕೈಯನ್ನು ಮೆಲ್ಲಗೆ ಹಿಡಿದು ಒತ್ತಿದ. ಮುದುಕನ ಮುಖ ಅರಳಿತು.

“ಈ ಹಮಾಲನ ಕೈಗೆ ನನ್ನ ಕಡೆ ಬಳಿ ಇಲ್ರಿ. ನಿಮ್ಮ ಕೈ ಭಾಳ ಮೆತ್ತಗೈತಿ, ಒಂದೂ ಒಡೀದಂಗ ಏರತಾವು. ಹಸರ ಕೊಡ್ಲೋ, ಕೆಂಪೋ?”

ಮುದುಕಿ ಮೊದಲು ನಕ್ಕಳು. ಆಮೇಲೆ ಗುಂಪು ನಕ್ಕಿತು; ದಲಾಲ ನಗದೆ ಅದು ನಕ್ಕದ್ದು ಅದೇ ಮೊದಲು. ತಮ್ಮ ನಗಲಿಲ್ಲ. ಗೋಡೆಗೆ ಆತು ಕುಳಿತು ಉಸಿರಾಡುತ್ತಿದ್ದ. ಅವನು ಉಸಿರಾಡುವುದನ್ನೇ ನಾನು ನೋಡುತ್ತಿದ್ದೆ.

ನಿಮ್ಮ ಊರಲ್ಲೂ ಇಂದು ಯಾರೋ ಒಬ್ಬನನ್ನು ಅಂಚಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತಿದ್ದಾರೆ. ಓದಿ ನಕ್ಕು ಮಲಗಬೇಡಿ. ಎದ್ದು ಹೋಗಿ, ಅವನ ಅಂಗಿ ಹಿಡಿಯಿರಿ.