ಹಡಗಲ್ಲಿ ಬಂದ ತ್ಯಾಗ

ಮೊದ್ಲು ತಾಳಿ ಮುಟ್ಟಿ ಹೇಳು ಮಾರಾಯ್ತಿ, ಯಾರ ಹತ್ರವೂ ಬಾಯಿ ಬಿಡುದಿಲ್ಲ ಅಂತ. ಹೇಳಿದ್ಯಾ? ಸರಿ. ಮದ್ರಾಸಿನ ಈ ರಾಯಪುರಂ ಬೀದಿಯಲ್ಲಿ ವಾರಕ್ಕೊಂದು ಇಂಥದ್ದು ಆಗ್ತಾನೇ ಇರ್ತದೆ. ನಾನು ಯಾರಿಗೂ ಹೇಳುವವಳಲ್ಲ, ಹಾಲಿನವಳಿಗೆ ಮಾತ್ರ ಹೇಳಿದ್ದು.

೧. ಎತ್ತಿ ಕೊಡುವವ

ನಮ್ಮನೆಯವರು ಕೆಲಸ ಮಾಡುವ ಹೋಟೆಲಿನವರು ಸಂಜೆ ಕಡಲ ಬದಿ ವಾಲಿಬಾಲ್ ಆಡ್ತಾರಲ್ಲ, ಅಲ್ಲಿಗೆ ಒಂದು ದಿನ ಜಪಾನ್ ಹಡಗಿನವರು ಆಡ್ಲಿಕ್ಕೆ ಬಂದ್ರು. ಅವರಲ್ಲೊಬ್ಬ ಎಲ್ಲರಿಗಿಂತ ಚುರುಕು. ಆದ್ರೆ ಒಂದು ಬಾಲೂ ಹೊಡೀಲಿಲ್ಲ. ಮರಳಲ್ಲಿ ಬಿದ್ದು ಹೊರಳಿ ಬಾಲ್ ಉಳಿಸುದು, ಬೇರೆಯವರಿಗೆ ಎತ್ತಿ ಕೊಡುದು, ಅಷ್ಟೇ. ನಮ್ಮವರು ಸೋತು ಸುಣ್ಣ.

ಹೋಟೆಲ್ ಧಣಿಗಳಿಗೆ ಹಾರ್ಬರ್ ಗುಮಾಸ್ತರು ಬಿಡಿಸಿ ಹೇಳಿದ್ರು, "ಅವರಲ್ಲಿ ಹಾಗೇ ಧಣಿ. ತಾನು ಮೆರೀಬೇಕು ಅಂತಿಲ್ಲ, ತಂಡ ಗೆದ್ರೆ ಸಾಕು. ತ್ಯಾಗ."

ಮರುದಿನದಿಂದ ನಮ್ಮಲ್ಲೂ ತ್ಯಾಗ ಅಂತ ಧಣಿಗಳ ಕಾನೂನು. ಮೊದ್ಲು ತ್ಯಾಗ ಆದದ್ದು ಕೆಲಸದವರ ನಾಲ್ಕು ಗಂಟೆಯ ಕಾಫಿ.

೨. ಕೊನೇ ಹೋಳಿಗೆ

ಅಭ್ಯಾಸ ನೋಡ್ಲಿಕ್ಕೆ ನಾನೂ ಹೋಗಿದ್ದೆ. ಬಾಲ್ ಬಂತು. ದೋಸೆ ಭಟ್ರು, "ನೀವು ಹೊಡೀರಿ" ಅಂದ್ರು. ನಮ್ಮನೆಯವರು, "ಛೆ, ನೀವಿರುವಾಗ ನಾನಾ?" ಅಂದ್ರು. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮನುಷ್ಯ. ಬಾಲ್ ಇಬ್ಬರ ನಡುವೆ ಬಿದ್ದು ನೀರಿನ ಕಡೆ ಉರುಳಿತು.

ಧಣಿಗಳು ಕೂಗಿದ್ರು, "ಅದು ಬಾಲ್ ಮಾರಾಯ್ರೆ, ಪಂಕ್ತಿಯ ಕೊನೇ ಹೋಳಿಗೆ ಅಲ್ಲ."

೩. ಅಂಟು ಸೀಕು

ಅದೇ ಹೋಟೆಲಿನ ಸಪ್ಲೈಯರ್, ನಮ್ಮ ಎದುರುಮನೆಯ ಹುಡುಗನಿಗೆ ತಿರುವೊಟ್ಟಿಯೂರಿಂದ ಸಂಬಂಧ ಬಂದಿತ್ತು. ಮೂರು ಕಡೆ ಜಾತಕ ಕೂಡದೆ ತಪ್ಪಿಹೋಗಿ, ಇದಾದ್ರೂ ಆಗ್ಲಿ ಅಂತ ಅವನ ಅಮ್ಮ ಶನಿವಾರ ಒಪ್ಪತ್ತು ಮಾಡ್ತಿದ್ರು. ಹುಡುಗಿಯ ಅಪ್ಪ ಸರಿಯಾಗಿ ಹಾರ್ಬರಿನವರ ಜೊತೆ ಪಂದ್ಯ ಇದ್ದ ದಿನವೇ ಹುಡುಗನನ್ನು ನೋಡ್ಲಿಕ್ಕೆ ಬಂದ್ರು. ನಮ್ಮ ತಂಡದಲ್ಲಿ ಅವನ ಹಾಗೆ ಹೊಡೆಯುವವ ಇನ್ನೊಬ್ಬನಿಲ್ಲ. ಆದ್ರೆ ಧಣಿಗಳ ಆಜ್ಞೆ: ನೀನು ಎತ್ತಿ ಕೊಡು. ಮಾವ ಆಗುವವರ ಎದುರು ಒಂದು ಬಾಲೂ ಹೊಡೀಲಿಲ್ಲ, ಇಪ್ಪತ್ತು ಸಲ ಬಿದ್ದು ಹೊರಳಿದ. ಅವನು ಎತ್ತಿ ಕೊಟ್ಟದ್ದನ್ನು ಬೇರೆಯವರು ಹೊಡೆದು ತಂಡ ಗೆದ್ದಿತು.

ಹುಡುಗಿಯ ಅಪ್ಪ ಅಲ್ಲಿಂದ ನೇರ ನನ್ನ ಮನೆಗೆ, ಎದುರುಮನೆಯವಳಲ್ವಾ, ವಿಚಾರಿಸ್ಲಿಕ್ಕೆ. "ಅಮ್ಮಾ, ನಿಜ ಹೇಳಿ. ಹುಡುಗ ಅಷ್ಟು ಸಲ ಬೀಳ್ತಾನಲ್ಲ, ಫಿಟ್ಸ್ ಉಂಟಾ?"

"ಇಲ್ಲಪ್ಪ. ಅದು ಜಪಾನಿಂದು. ಹಡಗಲ್ಲಿ ಬಂದದ್ದು."

"ಹಡಗಲ್ಲಾ? ಅಂಟ್ತದಾ?"

"ಅಂಟದೆ? ಇಡೀ ಹೋಟೆಲಿಗೇ ಅಂಟಿದೆ. ನಮ್ಮನೆಯವರಿಗೂ."

ನಾನು ಹೇಳಿದ್ದು ಆಟದ ವಿಷಯ. ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ರು. ಮರುದಿನ ಹುಡುಗನಿಗೆ ಅಂಟು ಸೀಕು, ಸಂಬಂಧ ಬೇಡ ಅಂತ ಹೇಳಿ ಕಳ್ಸಿದ್ರು.

೪. ಲೋಟ

ತಾವು ಮಾಡಿಸಿದ ತ್ಯಾಗದಿಂದ ಸಂಬಂಧ ಕೆಟ್ಟಿತಲ್ಲ ಅಂತ ಧಣಿಗಳು ಹುಡುಗನನ್ನು ಕರ್ಕೊಂಡು ತಿರುವೊಟ್ಟಿಯೂರಿಗೇ ಹೋದ್ರು. ಅಲ್ಲಿ ಆದದ್ದನ್ನು ಅವರೇ ನಮ್ಮನೆಯವರಿಗೆ ಹೇಳಿದ್ದು. ಹುಡುಗಿಯ ಅಪ್ಪ ಮೂಗಿಗೆ ಶಾಲು ಹಿಡ್ಕೊಂಡು ಜಗಲಿಯಲ್ಲೇ ಕೂರಿಸಿದ್ರಂತೆ. ಧಣಿಗಳು ಅದು ಆಟ ಅಂತ ಎಷ್ಟು ಹೇಳಿದ್ರೂ ನಂಬುದಿಲ್ಲ. ಅಷ್ಟರಲ್ಲಿ ಹುಡುಗಿ ಕಾಫಿ ತಂದ್ಲು, ಲೋಟ ಕೈಯಿಂದ ಜಾರಿತು. ಇವ ಹಾರಿ, ಬಿದ್ದು, ಉರುಳಿ, ಲೋಟ ನೆಲ ಮುಟ್ಟುವ ಮೊದ್ಲು ಹಿಡಿದ. ಕಾಫಿ ಪೂರಾ ಅವನ ಅಂಗಿಗೆ. ಅಭ್ಯಾಸಬಲ ನೋಡು, ಖಾಲಿ ಲೋಟವನ್ನು ಧಣಿಗಳಿಗೆ ಎತ್ತಿ ಕೊಟ್ಟ.

ಅಪ್ಪ ಶಾಲು ತೆಗೆದ್ರು. "ಈಗ ಅರ್ಥ ಆಯ್ತು. ಎಲ್ಲ ಹೀಗೇ ಬೇರೆಯವರಿಗೆ ಎತ್ತಿ ಕೊಡ್ತೀಯಾ? ನನ್ನ ಮಗಳನ್ನೂ?"

"ಅಲ್ಲಿ ತ್ಯಾಗ ಇಲ್ಲ ಮಾವ," ಅಂದನಂತೆ ಇವ, ಮಲಗಿದಲ್ಲಿಂದಲೇ.

ಈಗ ಅಂಟು ಸೀಕು ಅಂತ ಹೇಳಿದ್ದು ಯಾರು ಅಂತ ಅವನಮ್ಮ ಬೀದಿ ಇಡೀ ವಿಚಾರಿಸ್ತಾ ಇದ್ದಾರೆ. ನಾನೂ ಜೊತೆಗೆ ಹುಡುಕ್ತಾ ಇದ್ದೇನೆ. ಶ್, ಬಾಗಿಲು ತಟ್ಟಿದ್ರು. ಅವರೇ, ಮದುವೆ ಕಾಗದ ಹಿಡ್ಕೊಂಡು. ಬನ್ನಿ ಅಕ್ಕ, ಬನ್ನಿ, ನಿಮ್ಮ ಮಗನ ಗುಣವನ್ನೇ ನಾನು ಇವಳಿಗೆ...