ಸದರಿ ಕೀಬೋರ್ಡಿನ ನಿವೃತ್ತಿ

ಹಳೆಯದು ಹೋಗಿ ಹೊಸದು ಬರುವುದು ಲೋಕದ ನಿಯಮ ಎಂದು ಹಿರಿಯರು ಹೇಳಿದ್ದಾರೆ. ಹಳೆಯದು ನಿಜವಾಗಿ ಹೋಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅವರ ಮನೆಯಲ್ಲಿ ವೈರಿಲ್ಲದ ಕೀಬೋರ್ಡು ಇರಲಿಲ್ಲ.

ನಮ್ಮ ಮನೆಯಲ್ಲಿದೆ. ಶಲವಡಿಯ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಒಂದು ಆಲ್ ಇನ್ ವನ್ ಕಂಪ್ಯೂಟರ್ ಕೂತಿದೆ. ಡಬ್ಬಿ ಬೇರೆ, ಪರದೆ ಬೇರೆ ಎಂಬ ಭೇದ ಅದಕ್ಕಿಲ್ಲ. ಸಕಲವೂ ಪರದೆಯ ಬೆನ್ನೊಳಗೇ ಅಡಗಿದೆ. ನವಲಗುಂದದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಟೈಪು ಕುಟ್ಟಿ ನಿವೃತ್ತನಾದ ಮೇಲೆ ನನ್ನ ಬೆರಳುಗಳು ಸುಮ್ಮನಿರಲೊಲ್ಲದಾದವು. ಊಟಕ್ಕೆ ಕೂತರೆ ತಾಟಿನ ಅಂಚನ್ನು ಕುಟ್ಟುತ್ತಿದ್ದವು. ಆ ಸಪ್ಪಳ ಕೇಳಲಾರದೆ ನನ್ನ ಹೆಂಡತಿ ನೀಲವ್ವನೇ ಇದನ್ನು ಕೊಳ್ಳಲು ಒಪ್ಪಿದಳು. ಅಂದಿನಿಂದ ಊರಿನ ಅರ್ಜಿ, ತಕರಾರು, ಮಾನಪತ್ರ, ಎಲ್ಲವೂ ನಮ್ಮ ಪಡಸಾಲೆಯಿಂದಲೇ ಹೊರಡುತ್ತವೆ.

ಹೀಗಿರಲಾಗಿ, ನೀಲವ್ವನ ತಮ್ಮ ಶಿವಪ್ಪನ ಹಿರಿಯ ಮಗಳ ಲಗ್ನ ಗೊತ್ತಾಯಿತು. ಲಗ್ನಪತ್ರಿಕೆಯ ಮಜಕೂರು ಟೈಪು ಮಾಡಿಕೊಡುವ ಹೊಣೆ, ಯಾರೂ ಕೇಳುವ ಮೊದಲೇ, ನನ್ನದಾಯಿತು.

ಲಗ್ನಪತ್ರಿಕೆ ಎಂದರೆ ಲಗ್ನದ ಸುದ್ದಿ ತಿಳಿಸುವ ಕಾಗದ ಎಂದು ತಿಳಿದವರು ಇನ್ನೂ ಲಗ್ನ ಮಾಡಿಲ್ಲ. ಅದು ಯಾರ ಹೆಸರು ಎಲ್ಲಿದೆ ಎಂಬುದರ ದಾಖಲೆ. ತಂಬೂರದ ಫಕ್ಕೀರಪ್ಪ ಕಾಕಾ, ಅಂದರೆ ನೀಲವ್ವ ಮತ್ತು ಶಿವಪ್ಪನ ಖಾಸಾ ಕಾಕಾ, ಹಿಂದೊಮ್ಮೆ ಬಳಗದ ಲಗ್ನವೊಂದಕ್ಕೆ ಹೋಗಿದ್ದರು. ಪತ್ರಿಕೆಯಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು. ಅವರು ಜಗಳ ಮಾಡಲಿಲ್ಲ. ಪಂಕ್ತಿಯಲ್ಲಿ ಕೂತು, ಹೋಳಿಗೆ ಎಲೆಗೆ ಬೀಳುವವರೆಗೆ ಕಾದು, ಅದರ ಮೇಲೆ ತುಪ್ಪ ಬಿದ್ದ ನಂತರ ಎದ್ದು ಕೈ ತೊಳೆದುಕೊಂಡು ಊರಿಗೆ ಹೋದರು. ಆ ಮನೆಗೂ ಇವರ ಮನೆಗೂ ಇಂದಿಗೂ ನೀರು ನಡೆಯುವುದಿಲ್ಲ.

ಅದಕ್ಕೇ ಶಿವಪ್ಪ ಹೆಸರುಗಳ ಯಾದಿ ಕೊಡುವಾಗ ನನ್ನ ಕೈ ಹಿಡಿದುಕೊಂಡ. “ಮಾಮಾರ, ಉಳದವರ ಹೆಸರು ಹೆಚ್ಚುಕಮ್ಮಿ ಆದ್ರ ನಡೀತೈತಿ. ಕಾಕಾಂದು ಒಂದು ಅಕ್ಷರ ಕಮ್ಮಿ ಆಗಬಾರದು ನೋಡ್ರಿ.”

“ಮೂವತ್ತೆರಡು ವರ್ಷದಾಗ ನನ್ನ ಕೈಯಾಗ ಒಂದು ಅಕ್ಷರ ತಪ್ಪಿಲ್ಲಪಾ,” ಎಂದೆ ನಾನು.

ಯಾದಿಯ ಮೊದಲ ಸ್ಥಾನಕ್ಕೆ ಆಗಲೇ ಇಬ್ಬರು ಹಿರಿಯರ ಪೈಪೋಟಿ ಇತ್ತು. ಮೂರನೆಯವರಾಗಿ ಕಾಕಾ ಅವರನ್ನು ಅಲ್ಲಿಗೆ ನೂಕುವುದು ಅಪಾಯ. ನಾನು ಮುತ್ಸದ್ದಿತನದಿಂದ ಅವರಿಗೆ ಎಲ್ಲರಿಗಿಂತ ಕೆಳಗೆ, ಪ್ರತ್ಯೇಕವಾಗಿ, ದಪ್ಪ ಅಕ್ಷರದಲ್ಲಿ ಒಂದು ಪೂರ್ತಿ ಸಾಲು ಕೊಟ್ಟೆ: ‘ಹಿರಿಯರ ಆಶೀರ್ವಾದ: ಶ್ರೀ ಫಕ್ಕೀರಪ್ಪನವರು, ಮಾಜಿ ಅಧ್ಯಕ್ಷರು, ಗ್ರಾಮ ಪಂಚಾಯತಿ, ತಂಬೂರ.’

ಆದರೆ ಟೈಪು ಮಾಡಲು ಕೂತಾಗ, ಕಂಪ್ಯೂಟರಿನ ಜೊತೆಗೇ ಬಂದಿದ್ದ ವೈರಿಲ್ಲದ ಹಳೆಯ ಕೀಬೋರ್ಡಿನಲ್ಲಿ ದೀರ್ಘ ಕೊಡುವ ಕೀಲಿ ಸತ್ತಿತ್ತು. ಮಾವ ‘ಮವ’ ಆದರು. ಕಾಕಾ ‘ಕಕ’ ಆದರು. ಮೌಸೂ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದೆ ಎಂದು ಸುಳ್ಳು ಹೇಳತೊಡಗಿತ್ತು. ಅಣ್ಣಿಗೇರಿಗೆ ಹೋಗಿ ಹೊಸ ಜೋಡಿ ತಂದೆ. ಅಂಗಡಿಯವನು ಮನೆಗೆ ಬಂದು ಕೂಡಿಸಿ ಕೊಡಲೇ ಎಂದು ಕೇಳಿದ. ವೈರೇ ಇಲ್ಲದ ವಸ್ತುವಿನಲ್ಲಿ ಕೂಡಿಸುವುದೇನಿದೆ ಎಂದು ಕೇಳಿ ಅವನ ಬಾಯಿ ಮುಚ್ಚಿಸಿದೆ.

ಸೋಮವಾರ ಮಧ್ಯಾಹ್ನ ನಾಲ್ಕರೊಳಗೆ ಮಜಕೂರು ಪ್ರೆಸ್ಸಿಗೆ ಮುಟ್ಟಬೇಕಿತ್ತು. ನಾನು ಮುಂಜಾನೆಯೇ ಸ್ನಾನ ಮಾಡಿ ಕೂತೆ. ಪೆಟ್ಟಿಗೆಯಲ್ಲಿ ಕೀಬೋರ್ಡು ಇತ್ತು, ಮೌಸು ಇತ್ತು, ಸೆಲ್ಲುಗಳಿದ್ದವು. ಕೀಲಿಗಳ ಮಾತು ಮುಟ್ಟಿಸಲು ಕಂಪ್ಯೂಟರಿಗೆ ಚುಚ್ಚಬೇಕಾದ, ಹುಣಸೆ ಬೀಜದಷ್ಟು ಪುಟ್ಟ ತುಣುಕೊಂದರ ಚಿತ್ರ ಇತ್ತು. ತುಣುಕು ಇರಲಿಲ್ಲ. ನಾನೂ ನೀಲವ್ವನೂ ಪೆಟ್ಟಿಗೆಯನ್ನು ಜರಡಿ ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆವು. ಕೊನೆಗೆ ಅಂಗಡಿಗೆ ಫೋನು ಮಾಡಿ, ಸದರಿ ವಸ್ತುವನ್ನು ಅಪೂರ್ಣವಾಗಿ ಮಾರಿದ ಬಗ್ಗೆ ವಿವರಣೆ ಕೇಳಿದೆ. “ಇಲಿ ಹೊಟ್ಟಿ ತಗದ್ ನೋಡ್ರಿ ಸಾಹೇಬ್ರ,” ಎಂದ. ಮೌಸಿನ ಹೊಟ್ಟೆಯ ಮುಚ್ಚಳ ತೆಗೆದರೆ ಅದು ಒಳಗೆ ಮಲಗಿತ್ತು.

ಪರದೆಯ ಹಿಂದೆ ನೋಡಲು ಜಾಗವಿರಲಿಲ್ಲ. ವೈದ್ಯರು ನಾಡಿ ಹುಡುಕುವಂತೆ ಬೆರಳಿನಿಂದಲೇ ತೂತು ಹುಡುಕಿದೆ. ಒಂದು ತೂತಿನಲ್ಲಿ ಮೊದಲೇ ಏನೋ ಪುಟ್ಟದು ಕೂತಿತ್ತು. ಯಂತ್ರದ ಅಂಗವೇ ಇರಬೇಕೆಂದು ಅದಕ್ಕೆ ಕೈ ಹಚ್ಚದೆ, ಅದರ ಬಾಜು ಹೊಸದನ್ನು ಚುಚ್ಚಿದೆ.

ಇನ್ನು ಹಳೆಯ ಕೀಬೋರ್ಡು. ಅದನ್ನು ಹಳೇ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕೋಣವೆಂದು ನೀಲವ್ವ ಸೂಚಿಸಿದಳು. ಅಕ್ಷರ ಹೊತ್ತ ವಸ್ತು ಮೋಡಕಾಕ್ಕೆ ಹೋಗಬಾರದು ಎಂದು ನಾನು ತೀರ್ಪು ಕೊಟ್ಟೆ. ಆರು ವರ್ಷ ಸೇವೆ ಸಲ್ಲಿಸಿದ ಸದರಿ ಕೀಬೋರ್ಡಿಗೆ ಗೌರವದ ನಿವೃತ್ತಿ ಸಿಗಬೇಕು. ದೇವರ ಮನೆಯ ಗೂಡಿನಲ್ಲಿ ದೊಡ್ಡ ಪುರಾಣದ ಪುಸ್ತಕ ಇರುವ ಜಾಗವೇ ಅದಕ್ಕೆ ತಕ್ಕದ್ದು. ಪುಸ್ತಕವನ್ನು ಇಳಿಸಿ ಮಣೆಯ ಮೇಲಿಟ್ಟು, ಕೀಬೋರ್ಡನ್ನು ಗೂಡಿಗೆ ಏರಿಸಿದೆ. ಒಳಗಿನ ಸೆಲ್ಲು ತೆಗೆಯಲಿಲ್ಲ. ಹೋದವರ ಜೇಬಿಗೆ ಕೈ ಹಾಕುವುದು ನನ್ನ ಸ್ವಭಾವವಲ್ಲ.

ಹೊಸದಕ್ಕೆ ಪೂಜೆಯಾಗಬೇಕಲ್ಲ. ಕೀಬೋರ್ಡಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದೆ. ಮೌಸಿಗೆ ಮೇಲೆ ಹಚ್ಚಿದರೆ ಅಂಗೈಗೆ ಅಳಿಸಿಹೋಗುತ್ತದೆ. ಆದ್ದರಿಂದ ದೂರದೃಷ್ಟಿಯಿಂದ ಹೊಟ್ಟೆಗೆ ಹಚ್ಚಿದೆ. ನೀರಲ್ಲಿ ಕಲಸಿದ ಗಟ್ಟಿ ವಿಭೂತಿ. ಆಮೇಲೆ ಮುಕ್ಕಾಲು ತಾಸು ಮೌಸನ್ನು ಮೇಜಿನ ತುಂಬ ಉಜ್ಜಿದೆ. ಬಾಣದ ಗುರುತು ಕದಲಲಿಲ್ಲ. ನೀಲವ್ವ ಬಂದು ಮೌಸನ್ನು ಅಂಗಾತ ಮಾಡಿದಳು. ಅದು ಹಾದಿ ನೋಡುವ ಕೆಂಪು ಕಣ್ಣು ಇದ್ದದ್ದು ಹೊಟ್ಟೆಯಲ್ಲಿಯೇ.

“ಹಣಿಗೆ ಹಚ್ಚೂದು ಬಿಟ್ಟು ಕಣ್ಣಿಗೆ ಮೆತ್ತೀರಲ್ರಿ,” ಎಂದು ಸೆರಗಿನಿಂದ ಒರೆಸಿ ಕೊಟ್ಟಳು. ಬಾಣ ಓಡಿತು.

ಮುಂದಿನದು ನನ್ನ ವೈಭವದ ಕಾಲ. ಹೊಸ ಕೀಲಿಗಳ ಮೇಲೆ ಬೆರಳು ಕುಣಿದವು. ಎಲ್ಲ ದೀರ್ಘಗಳೂ ಮರಳಿ ಬಂದವು. ಎರಡು ಗಂಟೆಗೆ ಕಾಕಾ ಅವರ ಸಾಲು ಮುಗಿಸಿ ಬೆನ್ನು ಚಾಚಿದೆ. ಆಗ ‘ತಂಬೂರ’ದ ಕೊನೆಯ ಅಕ್ಷರ ಮಾಯವಾಯಿತು.

ಕಣ್ಣಿನ ದೋಷವೆಂದು ಕನ್ನಡಕ ಒರೆಸಿಕೊಂಡೆ. ಹಾಕಿಕೊಳ್ಳುವಷ್ಟರಲ್ಲಿ ಕಾಕಾ ಇರಲಿಲ್ಲ. ಅವರ ಹಿಂದೆ ಸೋದರಮಾವಂದಿರು ಹೋದರು, ಅತ್ತೆಯಂದಿರು ಹೋದರು, ಅಳಿಯಂದಿರ ಸಾಲಿನಲ್ಲಿ ನಾನೂ ಹೋದೆ. ಕೆಳಗಿನಿಂದ ಮೇಲಕ್ಕೆ ಬಳಗವೆಲ್ಲ ಅಳಿಸಿಹೋಗುತ್ತಿತ್ತು. ನಾನು ಒಂದಕ್ಷರ ಒತ್ತಿದರೆ ಅದು ಹತ್ತು ತಿನ್ನುತ್ತಿತ್ತು. ಉಳಿಸಿಯೂ ಇರಲಿಲ್ಲ, ಕೆಲಸ ಪೂರ್ತಿಯಾದ ಮೇಲೆ ಒಂದೇ ಸಲ ಉಳಿಸುವುದು ನನ್ನ ಪದ್ಧತಿ. ಮದುಮಗಳು ಹೋದಳು. ಮುಹೂರ್ತ ಹೋಯಿತು. ಬರೀ ಹಾಳೆ ಉಳಿಯಿತು. ನಾನು ಒದರಿದೆ!

ಒದರಿದ್ದು ಕೇಳಿ ಬಂದವನು ಬಾಜೂ ಮನೆಯ ಹುಸೇನಸಾಬ, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನು ಕೈಯ ಗ್ರೀಸು ಒರೆಸಿಕೊಂಡು ಒಂದೇ ಬೆರಳಿನಿಂದ ತನ್ನ ಹೆಸರು ಕುಟ್ಟಿದ. ಹೆಸರು ನಿಂತಿತು. ಐದು ನಿಮಿಷ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಅಳಿಯಲಿಲ್ಲ.

“ಎಂಜಿನ್ ಅಗದಿ ಬರೋಬ್ಬರಿ ಐತ್ರಿ ಸಾಹೇಬ್ರ,” ಎಂದ ಹುಸೇನಸಾಬ ಏಳುತ್ತ. “ಡ್ರೈವರನ್ನ ಒಮ್ಮೆ ಯಾರಿಗರ ತೋರಸ್ರಿ.”

ಅವಮಾನವನ್ನು ನುಂಗಿ ಮತ್ತೆ ಮೊದಲಿಂದ ಕೂತೆ. ಈ ಸಲ ಸಾಲಿಗೊಮ್ಮೆ ಉಳಿಸಿದೆ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಮುಗಿಯಿತು. ಕಾಕಾ ಅವರ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದೆ. ದೇವರ ಮನೆಯಲ್ಲಿ ಸೋಮವಾರದ ಅಧ್ಯಾಯ ಓದುತ್ತಿದ್ದ ನೀಲವ್ವ ಮೂರು ಸಲವೂ ಹೂಂಗುಟ್ಟಿದಳು. ಸಮಾಧಾನದಿಂದ ಕಡತ ಮುಚ್ಚಲು ಬಾಣವನ್ನು ಮೂಲೆಗೆ ಒಯ್ದೆ. ಬದಲಾವಣೆಗಳನ್ನು ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಆಗಲೇ ಉಳಿಸಿದ್ದೇನಲ್ಲ, ಇನ್ನೆಂಥ ಬದಲಾವಣೆ ಎಂದು ಬೇರೆ ಯಾರಾದರೂ ಆಗಿದ್ದರೆ ವಿಚಾರ ಮಾಡುತ್ತಿದ್ದರು. ಸರಕಾರಿ ನೌಕರನಾಗಿದ್ದ ನಾನು, ಕೇಳಿದ ಕಡೆ ಒಪ್ಪಿಗೆ ಕೊಡುವವನು. ಹೌದು ಎಂದು ಒತ್ತಿದೆ. ಪ್ರೆಸ್ಸಿಗೆ ಕಳಿಸಿದೆ. ಇದೇ ಅಂತಿಮ, ಒಂದಕ್ಷರವನ್ನೂ ಬದಲಿಸಕೂಡದು ಎಂದು ಫೋನು ಮಾಡಿ ತಾಕೀತು ಮಾಡಿದೆ.

ಆಮೇಲೆ ಶಿವಪ್ಪನಿಗೆ ಎರಡು ಸಾಲು ಬರೆಯೋಣವೆಂದು ಹೊಸ ಹಾಳೆ ತೆರೆದರೆ, ಒತ್ತಿದ ಅಕ್ಷರ ಒತ್ತಿದ ಹಾಗೇ ಮಾಯ. ನಾನು ಮತ್ತೆ ಒದರಿದೆ.

ನೀಲವ್ವ ದೇವರ ಮನೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹಳೆಯ ಕೀಬೋರ್ಡು.

“ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ,” ಎಂದಳು. “ನಾ ಇದರ ಮ್ಯಾಲ ಪುರಾಣ ಇಟ್ಟರ ನೀವು ಒದರತೀರಿ. ತಗದ್ರ ಸುಮ್ಮನಾಗತೀರಿ. ಆಗಳೆ ಗೂಡು ಒರಸಿ ಇಟ್ಟೆ, ಒದರಿದ್ರಿ. ಓದಾಕ ತಗದೆ, ಸುಮ್ಮನಾದ್ರಿ. ಈಗ ಅಧ್ಯಾಯ ಮುಗಸಿ ಇಟ್ಟೆ, ಮತ್ತ ಸುರು. ನಿಮಗೂ ಈ ಹಲಿಗಿಗೂ ಏನ್ರಿ ಸಂಬಂಧ?”

ಸಂಬಂಧ ಇತ್ತು. ಕಂಪ್ಯೂಟರಿನ ಬೆನ್ನಲ್ಲಿ ನಾನು ಮುಟ್ಟದೆ ಬಿಟ್ಟ ಪುಟ್ಟ ಅಂಗ ಹಳೆಯ ಕೀಬೋರ್ಡಿನ ತುಣುಕೇ. ನಿವೃತ್ತಿಯ ಆದೇಶ ಅದಕ್ಕೆ ಮುಟ್ಟಿರಲಿಲ್ಲ. ಪುರಾಣದ ರಟ್ಟು ಅಳಿಸುವ ಕೀಲಿಯ ಮೇಲೇ ಸರಿಯಾಗಿ ಕೂಡುತ್ತಿತ್ತು. ಬೆನ್ನಿನ ಆ ತುಣುಕನ್ನು ಕಿತ್ತೆ. ಪ್ರೆಸ್ಸಿಗೆ ಹೋದ ಮಜಕೂರು ಮೂರು ಸಲ ಓದಿದ್ದೇ ಆದ್ದರಿಂದ ಅದನ್ನು ಮತ್ತೆ ತೆರೆದು ನೋಡುವ ಪ್ರಮೇಯ ಬರಲಿಲ್ಲ.

ಪತ್ರಿಕೆಗಳು ಗುರುವಾರ ಅಚ್ಚಾಗಿ ಬಂದವು. ಶಿವಪ್ಪ ಕಟ್ಟು ಬಿಚ್ಚಿ ಮೊದಲನೆಯದನ್ನು ಮನೆದೇವರ ಮುಂದಿಟ್ಟು, ಎರಡನೆಯದನ್ನು ಹಿಡಿದು ನೇರವಾಗಿ ತಂಬೂರಕ್ಕೆ ಹೋದ. ಕಾಕಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. ಆಗ ಶಿವಪ್ಪ ಬಗ್ಗಿ ನೋಡಿದನಂತೆ. ಕೆಳಗೆ, ಪ್ರತ್ಯೇಕವಾಗಿ, ದಪ್ಪ ಅಕ್ಷರದಲ್ಲಿ ಹೀಗಿತ್ತು:

‘ಹಿರಿಯರ ಆಶೀರ್ವಾದ: ಶ್ರೀ ಫಕ್ಕೀರಪ್ಪನವರು, ಮಾಜಿ’

ನಾನು ಬಾಣವನ್ನು ಮೂಲೆಗೆ ಒಯ್ಯುವ ಒಂದು ಕ್ಷಣದಲ್ಲಿ ಪುರಾಣ ಇಷ್ಟು ತಿಂದಿತ್ತು. ತಿಂದದ್ದನ್ನು ಖಾಯಂ ಮಾಡಿದವನು ನಾನು.

ಲಗ್ನದ ದಿನದವರೆಗೆ ಶಿವಪ್ಪ ನನ್ನ ಫೋನು ಎತ್ತಲಿಲ್ಲ. ಕಾಕಾ ಬರುತ್ತಾರೋ ಇಲ್ಲವೋ ಎಂಬುದೇ ಮನೆಮಂದಿಯ ಚಿಂತೆ. ಅವರು ಬಂದರು. ಮೊದಲ ಪಂಕ್ತಿಯಲ್ಲಿಯೇ ಕೂತರು. ನಾನೇ ಹೋಳಿಗೆ ಹಾಕಿದೆ. ಅವರು ಕೈ ಹಚ್ಚಲಿಲ್ಲ. ಶಿವಪ್ಪ ತುಪ್ಪದ ಗಿಂಡಿ ಹಿಡಿದು ಹಿಂದೆ ನಿಂತಿದ್ದ, ಹಾಕಲು ಧೈರ್ಯವಿರಲಿಲ್ಲ. ಕಾಕಾ ಬಾಜು ಕೂತಿದ್ದ ಬೀಗರ ಕಡೆ ತಿರುಗಿದರು.

“ಇವರ ಗುರ್ತ ಐತೇನ್ರಿ?” ಎಂದು ನನ್ನ ಕಡೆ ಬೆರಳು ಮಾಡಿದರು. “ನಮ್ಮ ಅಳ್ಯಾರು.” ಎಲೆಯ ಕಡೆ ತಿರುಗುತ್ತ ಸೇರಿಸಿದರು: “ಮಾಜಿ.”

ಇಡೀ ಪಂಕ್ತಿ ನಕ್ಕಿತು. ನಗದವರು ಇಬ್ಬರೇ, ಕಾಕಾ ಮತ್ತು ನಾನು. ಅವರು ಹೋಳಿಗೆ ಮುರಿದು, ತುಪ್ಪ ಯಾಕೆ ಬಂದಿಲ್ಲ ಎಂದು ಶಿವಪ್ಪನನ್ನು ಗದರಿದರು.

ಆರು ತಿಂಗಳ ಮೇಲೆ ಶಿವಪ್ಪನ ಕಿರಿಯ ಮಗಳ ಲಗ್ನವೂ ಆಯಿತು. ಪತ್ರಿಕೆಯನ್ನು ಪ್ರೆಸ್ಸಿನವರೇ ಟೈಪು ಮಾಡಿದರು.